ಜೇಬಿನಲ್ಲಿ ಐವತ್ತಡಿ ಜೀವ

ಉರಿಯುವ ಮನೆಯೊಳಗೆ ನುಗ್ಗುವುದನ್ನು ಫೈರ್‌ಮನ್‌ಗಳಿಗೆ ಜಗತ್ತು ಎಂದೋ ಕಲಿಸಿತು. ಮೆಟ್ಟಿಲು ಮುಚ್ಚಿಹೋದಾಗ ಮೇಲಿನ ಕಿಟಕಿಯಿಂದ ತಾವೇ ಇಳಿದು ಬದುಕುವುದನ್ನು ಕಲಿಸಲು ಮಾತ್ರ ಹೆಣಗಳು ಬೀಳಬೇಕಾಯಿತು. ಒಂದು ಹಗ್ಗ, ಒಂದು ಕೊಕ್ಕೆ, ಕೆಲವೇ ಸೆಕೆಂಡು: ಅದರ ಹಿಂದಿನ ಕಥೆ ಇಲ್ಲಿದೆ.

ಹಿಂದಿನ ದಿನ ಸುರಿದ ಹಿಮ ಬೀದಿಬದಿಯ ಕಾರುಗಳನ್ನು ಅರ್ಧ ಹೂತುಹಾಕಿತ್ತು. 2005ರ ಜನವರಿ 23, ಭಾನುವಾರ ಬೆಳಿಗ್ಗೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ, ಈಸ್ಟ್ 178ನೇ ಬೀದಿಯ ಹಳೆಯ ವಸತಿ ಕಟ್ಟಡವೊಂದರ ಮೂರನೇ ಮಹಡಿಗೆ ಬೆಂಕಿ ಬಿದ್ದಿತ್ತು.

ಅದರ ಮೇಲಿನ ಮಹಡಿಯಲ್ಲಿ ಆರು ಮಂದಿ ಅಗ್ನಿಶಾಮಕ ಸಿಬ್ಬಂದಿ ತೆವಳುತ್ತಿದ್ದರು. ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ ಎಂದು ಕೋಣೆ ಕೋಣೆ ತಡವುತ್ತಿದ್ದರು. ಬೆಂಕಿ ನೆಲದಡಿಯಿಂದ ಅವರಿರುವಲ್ಲಿಗೇ ಏರಿ ಬಂತು. ಕೊರೆಯುವ ಚಳಿಗೆ ಹೈಡ್ರಂಟ್ ಹೆಪ್ಪುಗಟ್ಟಿತ್ತು. ಇದ್ದ ಪೈಪಿನಲ್ಲೂ ನೀರು ಕೈಕೊಟ್ಟಿತು.

ಆ ಮನೆಗೆ ಹಿಂಬದಿಯಲ್ಲಿ ಕಬ್ಬಿಣದ ತುರ್ತು ಮೆಟ್ಟಿಲಿತ್ತು. ಆದರೆ ಹೆಚ್ಚು ಬಾಡಿಗೆದಾರರನ್ನು ತುಂಬಿಸಲು ಕಾನೂನುಬಾಹಿರವಾಗಿ ಅಡ್ಡಗೋಡೆ ಎಬ್ಬಿಸಿ ಮನೆಯನ್ನು ಸೀಳಿದ್ದರು. ಆ ಗೋಡೆಯ ಈಚೆ ಆರು ಮಂದಿ, ಆಚೆ ಮೆಟ್ಟಿಲು.

ಉಳಿದದ್ದು ಕಿಟಕಿಗಳು. ಕೆಳಗಿನ ಅಂಗಳಕ್ಕೆ ಸುಮಾರು 50 ಅಡಿ.

ಅಷ್ಟು ಎತ್ತರದಿಂದ ಬೀಳುವ ದೇಹ ಎರಡು ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ; ಆಗ ಅದರ ವೇಗ ಗಂಟೆಗೆ 60 ಕಿಲೋಮೀಟರಿನಷ್ಟಿರುತ್ತದೆ. ಲೆಫ್ಟಿನೆಂಟ್ ಕರ್ಟಿಸ್ ಮೇರನ್ ಮತ್ತು ಫೈರ್‌ಮನ್ ಜಾನ್ ಬೆಲ್ಯೂ ಬದುಕಲಿಲ್ಲ. ಬೆಲ್ಯೂಗೆ ನಾಲ್ಕು ಮಕ್ಕಳು, ಮೇರನ್‌ಗೆ ಮೂರು. ಉಳಿದ ನಾಲ್ವರು ಮೂಳೆಗಳು ನುಚ್ಚುನೂರಾಗಿ, ಜೀವವೊಂದು ಉಳಿದವರಂತೆ ಆಸ್ಪತ್ರೆ ಸೇರಿದರು.

ಅದೇ ದಿನ ಬ್ರೂಕ್ಲಿನ್‌ನ ಮತ್ತೊಂದು ಬೆಂಕಿಯಲ್ಲಿ ಇನ್ನೊಬ್ಬ ಫೈರ್‌ಮನ್ ತೀರಿಕೊಂಡರು. ನ್ಯೂಯಾರ್ಕ್‌ನ ಅಗ್ನಿಶಾಮಕ ದಳ ಆ ದಿನವನ್ನು ಇಂದಿಗೂ ‘ಕಪ್ಪು ಭಾನುವಾರ’ ಎಂದೇ ಕರೆಯುತ್ತದೆ.

ಒಬ್ಬರ ಬಳಿ ಹಗ್ಗವಿತ್ತು

ಈ ಕಥೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಮುಂದಿನ ಭಾಗ.

ಆ ಆರು ಮಂದಿಯಲ್ಲಿ ಒಬ್ಬರ ಬಳಿ ಮಾತ್ರ ಹಗ್ಗವಿತ್ತು. ಇಲಾಖೆ ಕೊಟ್ಟದ್ದಲ್ಲ, ತಮ್ಮ ಸಂಬಳದಲ್ಲಿ ಕೊಂಡು ಇಟ್ಟುಕೊಂಡದ್ದು. ಅದೇ ಕಿಟಕಿಯಲ್ಲಿ ಜೋಸೆಫ್ ಡಿಬರ್ನಾರ್ಡೊ ಎಂಬ ಜೊತೆಗಾರರಿದ್ದರು. ಹಗ್ಗ ಒಂದು, ಜೀವ ಎರಡು. ಡಿಬರ್ನಾರ್ಡೊ, ಹೆಂಡತಿ ಮಕ್ಕಳಿರುವ ತಮ್ಮ ಜೊತೆಗಾರನನ್ನು ಮೊದಲು ಇಳಿಸಿದರು. ಬಳಿಕ ತಾವು ಇಳಿಯಲು ನೋಡಿದರು. ಇಬ್ಬರಿಗೂ ಕೊನೆಯವರೆಗೆ ಹಗ್ಗದಲ್ಲೇ ಇಳಿಯಲು ಆಗಲಿಲ್ಲ. ಬಿದ್ದರು. ಆದರೂ ಇಬ್ಬರೂ ಬದುಕಿದರು.

ಹಾಗಾದರೆ ಇಲಾಖೆಯ ಹಗ್ಗ ಎಲ್ಲಿ ಹೋಯಿತು?

ಒಂದು ಕಾಲಕ್ಕೆ ನ್ಯೂಯಾರ್ಕ್ ದಳ ಸಿಬ್ಬಂದಿಗೆ ವೈಯಕ್ತಿಕ ಹಗ್ಗ ಕೊಟ್ಟಿತ್ತು. 2000ದಲ್ಲಿ ಅದನ್ನು ನಿಲ್ಲಿಸಿತು. ಐದೇ ವರ್ಷಕ್ಕೆ ಬ್ರಾಂಕ್ಸ್‌ನ ಆ ಕಿಟಕಿ ಎದುರಾಯಿತು. ಸತ್ತವರ ಕುಟುಂಬಗಳು ಮತ್ತು ಗಾಯಾಳುಗಳು ಹೂಡಿದ ದಾವೆಯಲ್ಲಿ 2016ರಲ್ಲಿ ಜ್ಯೂರಿ 18.3 ಕೋಟಿ ಡಾಲರ್ ಪರಿಹಾರ ಹೇಳಿತು. ಹೊಣೆಯಲ್ಲಿ ಶೇ 80ರಷ್ಟನ್ನು ನಗರಾಡಳಿತದ ಮೇಲೆ ಹೊರಿಸಿತು. ಅಡ್ಡಗೋಡೆ ಎದ್ದಿದ್ದ ಆ ಕಟ್ಟಡದ ಮಾಲೀಕರ ಪಾಲಿಗೆ ಬಂದದ್ದು ಉಳಿದ ಶೇ 20.

ಕಾಯುವವನನ್ನು ಕಾಯುವ ಸಲಕರಣೆಗೆ ಯಾವ ಇಲಾಖೆಯ ಬಜೆಟ್ಟಿನಲ್ಲೂ ಮೊದಲ ಸ್ಥಾನ ಸಿಗುವುದಿಲ್ಲ. ಹೊಸ ವಾಹನ ಬಂದರೆ ಹಸಿರು ಬಾವುಟ, ಫೋಟೊ, ಹಾರ. ತೊಡೆಯ ಜೇಬಿನಲ್ಲಿ ಮಡಚಿಟ್ಟ ಹಗ್ಗಕ್ಕೆ ಉದ್ಘಾಟನೆ ಇಲ್ಲ. ಅದು ಬೇಕಾಗದಿರಲಿ ಎಂದೇ ಎಲ್ಲರೂ ಹಾರೈಸುತ್ತಾರೆ. ಬೇಕಾಗದ ವಸ್ತು ಎಂದು ಕಡತಕ್ಕೆ ತೋರುವುದು ಅಲ್ಲಿಂದ ಒಂದೇ ಹೆಜ್ಜೆ.

ಹಗ್ಗ ಇದ್ದರೂ ಸಾಲದು

ಹಗ್ಗ ಕೈಯಲ್ಲಿದ್ದೂ ಸತ್ತವರಿದ್ದಾರೆ.

1980ರ ಜೂನ್ 27. ನ್ಯೂಯಾರ್ಕ್‌ನದೇ ಹಾರ್ಲೆಮ್. ಜೆರಾರ್ಡ್ ಫ್ರಿಸ್ಬಿ ಎಂಬ ಫೈರ್‌ಮನ್ ಮೇಲಿನ ಮಹಡಿಯ ಕಿಟಕಿಯಲ್ಲಿ ಸಿಕ್ಕಿಬಿದ್ದಿದ್ದರು. ಅವರನ್ನು ತರಲು ತಾರಸಿಯಿಂದ ಲಾರೆನ್ಸ್ ಫಿಟ್ಜ್‌ಪ್ಯಾಟ್ರಿಕ್ ಅವರನ್ನು ಹಗ್ಗ ಕಟ್ಟಿ ಇಳಿಸಿದರು. ಫ್ರಿಸ್ಬಿ ಕಿಟಕಿ ಬಿಟ್ಟು ಫಿಟ್ಜ್‌ಪ್ಯಾಟ್ರಿಕ್‌ರ ತೋಳಿಗೆ ಬಂದರು. ಇಬ್ಬರ ಭಾರ ಬಿದ್ದದ್ದೇ ಹಗ್ಗ ತುಂಡಾಯಿತು. ಇಬ್ಬರೂ ಸತ್ತರು.

ಫೈರ್‌ಮನ್‌ನ ಹಗ್ಗ ಎಷ್ಟು ಭಾರ ತಾಳಬೇಕು, ಯಾವ ನೂಲಿನದಿರಬೇಕು, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಹುದೇ ಎಂದೆಲ್ಲ ಅಮೆರಿಕ ಗಟ್ಟಿಯಾದ ಮಾನದಂಡ ಹುಡುಕಿದ್ದು ಆ ಸಾವುಗಳ ಬಳಿಕ.

2005ರ ನಂತರ ನ್ಯೂಯಾರ್ಕ್ ದಳದವರು ತಾವೇ ಕೂತು ಹೊಸ ಕಿಟ್ ರೂಪಿಸಿದರು. ಪರ್ವತಾರೋಹಣದ ಸಲಕರಣೆ ಮಾಡುವ ಫ್ರಾನ್ಸ್‌ನ ಪೆಟ್ಜ್ಲ್ ಕಂಪನಿ ಜೊತೆಯಾಯಿತು. ದಿನವೂ ಬೆಂಕಿ ನೋಡುವವರು ಬೇಕಾದದ್ದನ್ನು ಹೇಳಿದರು, ಬೆಟ್ಟ ಬಲ್ಲವರು ಮಾಡಿಕೊಟ್ಟರು. ಅದೇ ವರ್ಷದ ಕೊನೆಯೊಳಗೆ ಕಿಟ್ ಠಾಣೆಗಳಿಗೆ ಬರತೊಡಗಿತು.

ಒಳಗಿರುವುದು ನಾಲ್ಕೇ ವಸ್ತು. ಸೊಂಟಕ್ಕೂ ತೊಡೆಗೂ ಬಿಗಿಯುವ ಹಾರ್ನೆಸ್. ಕಿರುಬೆರಳಿಗಿಂತ ಸಪೂರವಾದ, 50 ಅಡಿ ಉದ್ದದ ಹಗ್ಗ. ತುದಿಗೆ ಚೂಪುಮೂತಿಯ ಲೋಹದ ಕೊಕ್ಕೆ. ನಡುವೆ, ಹಗ್ಗವನ್ನು ಕಚ್ಚಿ ಬಿಡುವ ಡಿಸೆಂಡರ್. ನೆಲದಲ್ಲಿ ತೆವಳುವಾಗ ಅದು ಹಗ್ಗವನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಮೈಭಾರ ಬಿದ್ದೊಡನೆ ಕಚ್ಚಿ ಹಿಡಿಯುತ್ತದೆ. ಹಿಡಿ ಒತ್ತಿದರೆ ಇಳಿಯುತ್ತೀರಿ, ಕೈ ಬಿಟ್ಟರೆ ನಿಲ್ಲುತ್ತೀರಿ. ಎಚ್ಚರ ತಪ್ಪಿದವನೂ ದೊಪ್ಪನೆ ಬೀಳದೆ ಅಲ್ಲೇ ತೂಗಾಡುತ್ತಿರುತ್ತಾನೆ.

ಆ ಮೇಲೆ ಇದೇ ಹಗ್ಗ ಹಿಡಿದು ಕಿಟಕಿಯಿಂದ ಇಳಿದು ಮನೆ ಸೇರಿದವರಿದ್ದಾರೆ.

▪ ನೂಲಿನ ಲೆಕ್ಕ
ಕೋಣೆಯೊಂದು ಏಕಕಾಲಕ್ಕೆ ಭಗ್ಗನೆ ಹೊತ್ತಿಕೊಳ್ಳುವ ಹೊತ್ತಿಗೆ ಚಾವಣಿಯ ಬಳಿ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ನೈಲಾನ್ ಹಗ್ಗ 250 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ಹರಿಯುತ್ತದೆ. ಅದಕ್ಕೇ ಈಗಿನ ಜೀವರಕ್ಷಕ ಹಗ್ಗಗಳಲ್ಲಿ ಅರಾಮಿಡ್ ಜಾತಿಯ ನಾರು ಬಳಸುತ್ತಾರೆ. ಗುಂಡು ತಡೆಯುವ ಜಾಕೆಟ್ಟಿನ ಕೆವ್ಲಾರ್ ಇದೇ ಬಳಗದ್ದು. ಅರಾಮಿಡ್ ಕರಗುವುದಿಲ್ಲ; ಹೆಚ್ಚು ಶಾಖಕ್ಕೆ ಕರಕಲಾಗುತ್ತದೆ, ಅಷ್ಟರಲ್ಲಿ ಇಳಿಯಲು ಕ್ಷಣಗಳು ಸಿಗುತ್ತವೆ.

ಮೊಣಕಾಲೆತ್ತರದ ಪಾಠ

ಈ ಕಸರತ್ತಿಗೆ ಫೈರ್‌ಮನ್‌ಗಳ ಬಾಯಲ್ಲಿ ‘ಬೇಲ್ ಔಟ್’ ಎಂದು ಹೆಸರು. ನ್ಯೂಯಾರ್ಕ್ ದಳದ ತರಬೇತಿ ಕೇಂದ್ರ ರ‍್ಯಾಂಡಲ್ಸ್ ದ್ವೀಪದಲ್ಲಿದೆ. ಅದನ್ನು ‘ದಿ ರಾಕ್’ ಎಂದೇ ಕರೆಯುತ್ತಾರೆ. ಅಲ್ಲಿಯೂ ಬೇರೆಡೆಯೂ ಕಲಿಸುವ ಕ್ರಮದ ತಿರುಳು ಒಂದೇ.

ಮೊದಲ ಪಾಠ: ನಿಲ್ಲಬೇಡ. ಬಿಸಿ ಹೊಗೆ ಮೇಲಿರುತ್ತದೆ. ನೆಲದ ಬಳಿ ಒಂದೆರಡು ಅಡಿಯಷ್ಟು ಮಾತ್ರ ಜೀವಕ್ಕೆ ಜಾಗವಿರುತ್ತದೆ. ಮುಂದಿನದೆಲ್ಲ ನಡೆಯಬೇಕಾದದ್ದು ಮೊಣಕಾಲೆತ್ತರದೊಳಗೆ.

ಎರಡನೆಯದು: ಸಾಧ್ಯವಾದರೆ ಬೆನ್ನ ಹಿಂದಿನ ಬಾಗಿಲು ಮುಚ್ಚು. ಒಂದು ಸಾದಾ ಮರದ ಬಾಗಿಲೂ ಬೆಂಕಿಯನ್ನು ಕೊಂಚ ಹೊತ್ತು ತಡೆದು ನಿಲ್ಲಿಸುತ್ತದೆ. ಬಾಗಿಲು ತೆರೆದಿಟ್ಟು ಕಿಟಕಿ ಒಡೆದರೆ, ಆ ಕಿಟಕಿಯೇ ಒಲೆಯ ಚಿಮಣಿಯಾಗಿ ಬೆಂಕಿಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ.

ಮೂರನೆಯದು: ಕೈಗೆ ಕೆಲಸ ಹತ್ತುವ ಮೊದಲೇ ರೇಡಿಯೊದಲ್ಲಿ ‘ಮೇಡೇ’ ಎಂದು ಮೂರು ಬಾರಿ ಕೂಗು. ಯಾರು, ಎಲ್ಲಿ, ಏನಾಗಿದೆ ಹೇಳು. ಧೈರ್ಯವಂತರು ಎಡವುವುದು ಇಲ್ಲೇ. ನೆರವು ಕೇಳಲು ಸಂಕೋಚಪಟ್ಟು, ಇನ್ನೂ ನಿಭಾಯಿಸಬಲ್ಲೆ ಎಂದುಕೊಂಡು, ಇದ್ದ ನಿಮಿಷವನ್ನು ಕಳೆದುಕೊಳ್ಳುತ್ತಾರೆ. ಅದಕ್ಕಾಗಿ ತರಬೇತಿಯಲ್ಲಿ ಹಗ್ಗದಷ್ಟೇ ಸಲ ಈ ಕೂಗನ್ನೂ ಅಭ್ಯಾಸ ಮಾಡಿಸಬೇಕು.

ಇನ್ನು ಕಿಟಕಿ. ಗಾಜು, ಚೌಕಟ್ಟಿನ ಅಡ್ಡಪಟ್ಟಿ, ಪರದೆ ಯಾವುದೂ ಉಳಿಯದಂತೆ ಬಡಿದು ತೆಗೆಯಬೇಕು. ಬೆನ್ನಿಗೆ ಆಮ್ಲಜನಕವಲ್ಲ, ಒತ್ತಿ ತುಂಬಿದ ಗಾಳಿಯ ಸಿಲಿಂಡರಿದೆ. ನಮ್ಮ ಠಾಣೆಗಳಲ್ಲಿ ಅದನ್ನು ಬಿಎ ಸೆಟ್ ಎನ್ನುತ್ತಾರೆ. ಒಂದು ಪರದೆಯ ತುಂಡು ಅದಕ್ಕೆ ಸಿಕ್ಕಿಕೊಂಡರೂ ಸಾಕು, ಹೊರಬರಲಾಗದು.

ಕೊಕ್ಕೆಯನ್ನು ಕಿಟಕಿಯ ಕೆಳಮೂಲೆಗೆ, ಅಂಚು ಮತ್ತು ಪಕ್ಕದ ಗೋಡೆ ಕೂಡುವ ಕಡೆ ಕಚ್ಚಿಸಬೇಕು. ಹಗ್ಗವನ್ನು ಸಡಿಲ ಬಿಡುವಂತಿಲ್ಲ. ಬಿಟ್ಟರೆ ಕೊಕ್ಕೆ ಕಳಚಿ ಬೀಳುತ್ತದೆ. ಅದಕ್ಕೇ ಒಂದು ಕೈ ಕೊಕ್ಕೆಯ ಮೇಲೆ, ಇನ್ನೊಂದು ಡಿಸೆಂಡರ್ ಮೇಲೆ.

ಹತ್ತಿರದಿಂದ ನೋಡಬೇಕಾದದ್ದು ಮುಂದಿನ ಮೂರು ಸೆಕೆಂಡು. ಸಿನಿಮಾದ ಹೀರೊನಂತೆ ಅಂಚಿನ ಮೇಲೆ ಹತ್ತಿ ನಿಂತು ಹಾರುವುದಿಲ್ಲ. ನಿಂತರೆ ತಲೆ ಕಿಟಕಿಯ ಮೇಲ್ಭಾಗದಲ್ಲಿರುತ್ತದೆ, ಜ್ವಾಲೆ ನುಗ್ಗುವುದೂ ಅಲ್ಲಿಂದಲೇ. ಹೊಟ್ಟೆಯನ್ನು ಅಂಚಿಗೆ ಒತ್ತಿ, ಹಲ್ಲಿಯಂತೆ ಗೋಡೆಗೆ ಅಂಟಿ, ತಲೆ ಮುಂದಾಗಿ ಹೊರಕ್ಕೆ ಉರುಳುತ್ತಾರೆ. ಎದೆ ಅಂಚು ದಾಟುತ್ತದೆ, ಮೈ ಅಡ್ಡಡ್ಡ ತಿರುಗುತ್ತದೆ, ಕೊನೆಯ ಕಾಲು ಒಳಗಿಂದ ಜಾರಿ ಬರುತ್ತದೆ. ಕೊಕ್ಕೆಯ ಮೇಲಿನ ಕೈ ಇನ್ನೂ ಅಲ್ಲೇ ಇರುತ್ತದೆ. ಹಗ್ಗ ಭಾರವನ್ನು ಹೊತ್ತುಕೊಂಡಿತು ಎಂದು ಸೊಂಟಕ್ಕೆ ಅರಿವಾದ ಮೇಲಷ್ಟೇ ಆ ಕೈ ಬಿಡುತ್ತದೆ.

ಮನುಷ್ಯನ ಮೈ ಹುಟ್ಟಿದಾಗಿನಿಂದ ಕಲಿತದ್ದಕ್ಕೆಲ್ಲ ಇದು ವಿರುದ್ಧ. ತಲೆ ಕೆಳಗೆ ಮಾಡಿ ಶೂನ್ಯಕ್ಕೆ ಉರುಳು ಎಂದರೆ ಕಾಲು ತಾನಾಗಿ ಹಿಂದೆಳೆಯುತ್ತದೆ. ಅದಕ್ಕೇ ಅಭ್ಯಾಸ ಮೊದಲ ಸಲ ಹಗಲು ಬೆಳಕಿನಲ್ಲಿ, ಹತ್ತಡಿ ಎತ್ತರದಲ್ಲಿ. ಆಮೇಲೆ ಮಾಸ್ಕಿನ ಗಾಜಿಗೆ ಕಪ್ಪು ಕಾಗದ ಅಂಟಿಸಿ. ಆಮೇಲೆ ದಪ್ಪ ಕೈಗವಸಿನಲ್ಲಿ, ಓಡಿ ದಣಿದ ಮೈಯಲ್ಲಿ. ಅಭ್ಯಾಸದ ವೇಳೆ ಮೇಲಿಂದ ಎರಡನೇ ರಕ್ಷಾ ಹಗ್ಗ ಕಟ್ಟಿರಲೇಬೇಕು. ಬದುಕುವುದನ್ನು ಕಲಿಸುವ ಮೈದಾನದಲ್ಲಿ ಜೀವ ಹೋಗುವಂತಾಗಬಾರದು.

▪ ಡೆನ್ವರ್‌ನ 28 ಇಂಚು
1992ರ ಸೆಪ್ಟೆಂಬರ್ 28ರಂದು ಅಮೆರಿಕದ ಡೆನ್ವರ್‌ನಲ್ಲಿ ಮಾರ್ಕ್ ಲಾಂಗ್‌ವರ್ಟ್ ಎಂಬ ಅಗ್ನಿಶಾಮಕ ಸಿಬ್ಬಂದಿ ಎರಡನೇ ಮಹಡಿಯ ಇಕ್ಕಟ್ಟಾದ ಕೋಣೆಯಲ್ಲಿ ಸಿಕ್ಕಿಕೊಂಡರು. ಓಣಿಯಂಥ ಆ ಜಾಗದ ಅಗಲ 28 ಇಂಚು. ಕಿಟಕಿಯ ಅಗಲ 20 ಇಂಚು, ನೆಲದಿಂದ ಎತ್ತರ 42 ಇಂಚು. ಕಿಟಕಿಯಿಂದ ಒಳಹೊಕ್ಕ ಜೊತೆಗಾರರಿಗೆ ಬಗ್ಗಿ ಎತ್ತಲು ಜಾಗವಿರಲಿಲ್ಲ. ಗೋಡೆ ಒಡೆದು ಹೊರತೆಗೆಯುವ ಹೊತ್ತಿಗೆ ತಡವಾಗಿತ್ತು. ಈಗ ಹಲಗೆಯಿಂದ ಅದೇ ಅಳತೆಯ ಮಾದರಿ ಕಟ್ಟಿ, ಒಬ್ಬರು ಕೂತು ಮೊಣಕಾಲನ್ನೇ ಮೆಟ್ಟಿಲಾಗಿ ಕೊಟ್ಟು, ಮತ್ತೊಬ್ಬರು ತಳ್ಳಿ, ಪ್ರಜ್ಞೆ ತಪ್ಪಿದ ಸಹೋದ್ಯೋಗಿಯನ್ನು ಕಿಟಕಿಯಾಚೆ ದಾಟಿಸುವ ಅಭ್ಯಾಸ ಹಲವು ದೇಶಗಳಲ್ಲಿ ನಡೆಯುತ್ತದೆ. ಅದರ ಹೆಸರು ‘ಡೆನ್ವರ್ ಡ್ರಿಲ್’.

ಕೈಗೆ ಗೊತ್ತಿರಬೇಕು

ಈ ಲೇಖನಕ್ಕೆ ಕೂರುವ ಮುನ್ನ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆ. ಎಂಟು ಮಿಲಿಮೀಟರ್ ಹಗ್ಗ, ಊರಿನ ತೋಟದಿಂದ ತಂದ ಚರ್ಮದ ಕೈಗವಸು, ಒಂದು ಟವೆಲು. ಕಟ್ಟಬೇಕಾದದ್ದು ಬೋಲೈನ್, ಎಳೆದಷ್ಟೂ ಬಿಗಿಯದೆ ಕುಣಿಕೆಯಾಗಿಯೇ ನಿಲ್ಲುವ ಸರಳ ಗಂಟು. ಬರಿಗೈಯಲ್ಲಿ ಎಂಟು ಸೆಕೆಂಡಿಗೆ ಬಿತ್ತು.

ಕೈಗವಸು ಹಾಕಿಕೊಂಡೆ. ಕಣ್ಣಿಗೆ ಟವೆಲು ಕಟ್ಟಿ ನೆಲದ ಮೇಲೆ ಮೊಣಕಾಲೂರಿದೆ. ಮಗಳು ಮೊಬೈಲಿನಲ್ಲಿ ಸಮಯ ಹಿಡಿದಳು. ಹಗ್ಗದ ತುದಿ ಯಾವುದು, ಬುಡ ಯಾವುದು ಎಂದೇ ಬೆರಳಿಗೆ ತಿಳಿಯಲಿಲ್ಲ. ಬೆರಳುಗಳು ಬಾಳೆಕಾಯಿಗಳಾಗಿದ್ದವು.

‘ಅಪ್ಪಾ, ಎರಡು ನಿಮಿಷ ಆಯ್ತು. ಗಂಟೂ ತಪ್ಪು,’ ಎಂದಳು.

ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ, ಬೆನ್ನ ಮೇಲೆ ಸಿಲಿಂಡರ್ ಇರಲಿಲ್ಲ. ತಂಪಾದ ನೆಲ, ಮೇಲೆ ಫ್ಯಾನು. ಆದರೂ ಎರಡು ನಿಮಿಷ ಹೋಯಿತು.

ಹೊಸ ಕಿಟ್‌ನಲ್ಲಿ ಗಂಟಿನ ಬದಲು ಕೊಕ್ಕೆ ಯಾಕೆ ಬಂತು ಎಂಬುದು ನನಗೆ ಅರ್ಥವಾದದ್ದು ಆ ನೆಲದ ಮೇಲೆ. ಅಷ್ಟು ಶಾಖದಲ್ಲಿ ಮಿದುಳು ಯೋಚಿಸುವುದನ್ನು ನಿಲ್ಲಿಸಿರುತ್ತದೆ. ಆಗ ಉಳಿಸುವುದು ನೂರು ಸಲ ಅದೇ ಜೇಬು ತಡವಿದ, ಅದೇ ಕೊಕ್ಕೆ ಎಳೆದ ಕೈ ಮಾತ್ರ. ವರ್ಷಕ್ಕೊಮ್ಮೆ ಪ್ರದರ್ಶನಕ್ಕೆಂದು ಇಳಿದು ಚಪ್ಪಾಳೆ ಪಡೆದರೆ ಆ ಕೈ ಸಿದ್ಧವಾಗುವುದಿಲ್ಲ. ಧೈರ್ಯವನ್ನು ನಾವು ತುಂಬ ಹೊಗಳುತ್ತೇವೆ. ಹೊಗಳಿ, ಅಭ್ಯಾಸಕ್ಕೆ ಕೊಡಬೇಕಾದ ಸಮಯವನ್ನೂ ಹಣವನ್ನೂ ಉಳಿಸಿಕೊಳ್ಳುತ್ತೇವೆ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ನಮ್ಮ ಕಿಟಕಿಗಳು

ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತ ನೆನಪಿಗೆ ಈ ವಾರ ಮೀಸಲು. ಶಾಲೆ, ಕಚೇರಿಗಳ ಅಂಗಳದಲ್ಲಿ ಅಣಕು ಪ್ರದರ್ಶನ ನಡೆಯುತ್ತದೆ. ಹಗ್ಗದಲ್ಲಿ ಎರಡು ಕುಣಿಕೆ ಮಾಡಿ, ಒಂದನ್ನು ತೋಳಿನಡಿ, ಒಂದನ್ನು ಮೊಣಕಾಲಿನಡಿ ಹಾಕಿ ಮಹಡಿಯಿಂದ ಜನರನ್ನು ಇಳಿಸುವ ‘ಚೇರ್ ನಾಟ್’ ನಮ್ಮ ಸಿಬ್ಬಂದಿಯ ಡ್ರಿಲ್‌ನ ಹಳೆಯ ಪಾಠ. ಅದು ಇನ್ನೊಬ್ಬರನ್ನು ಇಳಿಸುವ ಗಂಟು. ಇಳಿಸುವವನು ಮೇಲೆಯೇ ಉಳಿದಿರುತ್ತಾನೆ.

ಬೆಂಗಳೂರಿಗೆ 90 ಮೀಟರ್ ಎತ್ತರಕ್ಕೆ ಚಾಚುವ ಏಣಿವಾಹನ ಬಂದಿದೆ. ಒಳ್ಳೆಯದೇ. ಆದರೆ ಅಂಥ ವಾಹನಕ್ಕೆ ಅಗಲ ರಸ್ತೆ ಬೇಕು, ಕಾಲು ಚಾಚಿ ನಿಲ್ಲಲು ಗಟ್ಟಿ ನೆಲ ಬೇಕು, ತಲೆಯ ಮೇಲೆ ವಿದ್ಯುತ್ ತಂತಿ ಇರಬಾರದು. ಚಿಕ್ಕಪೇಟೆಯ ಗಲ್ಲಿಯಲ್ಲಿ ನಾಲ್ಕನೇ ಮಹಡಿಗೆ ಹತ್ತಿದ ಫೈರ್‌ಮನ್‌ಗೆ ಅದರ ಆಸೆ ಇಟ್ಟುಕೊಳ್ಳಲಾಗದು. ಅವನಿಗೆ ಬೇಕಾದದ್ದು ತೊಡೆಯ ಜೇಬಿನಲ್ಲಿ ಹಿಡಿಸುವಷ್ಟು. ವಾಹನದ ಬೆಲೆಯ ಪಕ್ಕದಲ್ಲಿಟ್ಟರೆ ಆ ಹಗ್ಗದ ಬೆಲೆ ಲೆಕ್ಕಕ್ಕೇ ಬಾರದು. ಪ್ರತಿ ಠಾಣೆಯ ಪ್ರತಿಯೊಬ್ಬರಿಗೂ ಅದು ಸಿಗಬೇಕು, ತಿಂಗಳು ತಿಂಗಳೂ ಅಭ್ಯಾಸವೂ ಇರಬೇಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಬ್ರಾಂಕ್ಸ್‌ನ ಕಿಟಕಿಯಲ್ಲಿ ಗಾಜು ಒಡೆದರೆ ಆಕಾಶ. ನಮ್ಮ ಕಿಟಕಿಯಲ್ಲಿ ಗಾಜು ಒಡೆದರೆ ಗ್ರಿಲ್. ಕಳ್ಳರಿಗೆ ಹೆದರಿ ಮೂರನೇ, ಐದನೇ ಮಹಡಿಗೂ ಸರಳು ಬೆಸೆದಿದ್ದೇವೆ. ಒಳಗೆ ಸಿಕ್ಕಿದ ಮನೆಯವರಿಗೂ, ಅವರನ್ನು ಹುಡುಕಿ ಬಂದವರಿಗೂ ದಾರಿ ಇಲ್ಲ.

2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ನಡೆದದ್ದನ್ನು ಬೆಂಗಳೂರು ಮರೆಯಬಾರದು. ವಿದ್ಯುತ್ ಕೇಬಲ್‌ಗಳ ಡಕ್ಟ್‌ನಲ್ಲಿ ಹುಟ್ಟಿದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಜನ ಗಾಜು ಒಡೆದು ಉಸಿರಿಗಾಗಿ ಕತ್ತು ಚಾಚಿದರು. ಕೆಲವರು ಜಿಗಿದರು. ಸತ್ತವರು ಒಂಬತ್ತು ಮಂದಿ. ಆ ದುರಂತದಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಮುಂದೆ ನಿಂತು ಕಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಸಂಘಟನೆ ಬೆಂಕಿ ಸುರಕ್ಷತೆಗಾಗಿ ದುಡಿಯುತ್ತಿದೆ.

▪ ಮನೆಯವರು ಏನು ಮಾಡಬೇಕು?
ಹಗ್ಗದ ಸಾಹಸ ತರಬೇತಿ ಪಡೆದವರಿಗಷ್ಟೇ. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಮನೆಯವರು ಬಾಗಿಲು ಮುಚ್ಚಿ, ಅಡಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಕಿಟಕಿಯ ಬಳಿ ತಗ್ಗಿ ಕೂರಬೇಕು. 101 ಅಥವಾ 112ಕ್ಕೆ ಕರೆ ಮಾಡಿ ಮಹಡಿ, ಕೋಣೆ ಹೇಳಬೇಕು. ಬಣ್ಣದ ಬಟ್ಟೆ ಬೀಸಿ ಗುರುತು ತೋರಬೇಕು. ಲಿಫ್ಟ್ ಹತ್ತಬಾರದು. ಗ್ರಿಲ್‌ನಲ್ಲಿ ಒಳಗಿಂದ ತೆರೆಯುವ ಒಂದು ಬಾಗಿಲಾದರೂ ಇರಲಿ.

ಡಿಬರ್ನಾರ್ಡೊ ಆ ಭಾನುವಾರದ ಗಾಯಗಳ ಪರಿಣಾಮಗಳಿಂದ ಬಳಲಿ 2011ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ನಡೆಯುವ ‘ಜೋಯಿ ಡಿ ಫೌಂಡೇಷನ್’, ಹಗ್ಗ ಕೊಳ್ಳಲು ಹಣವಿಲ್ಲದ ದಳಗಳಿಗೆ ಕಿಟ್ ಒದಗಿಸುತ್ತದೆ.

ನಾವಿರುವುದು ಮೂರನೇ ಮಹಡಿಯಲ್ಲಿ. ಅಮೆರಿಕದಲ್ಲಿ ನೆಲಮಹಡಿಯನ್ನೇ ಒಂದು ಎಂದು ಎಣಿಸುತ್ತಾರೆ. ಅವರ ಲೆಕ್ಕಕ್ಕೆ ನಮ್ಮದೂ ಬ್ರಾಂಕ್ಸ್‌ನ ಆ ಕಿಟಕಿಯಂತೆ ನಾಲ್ಕನೆಯದೇ. ಮಲಗುವ ಕೋಣೆಯ ಗ್ರಿಲ್‌ನಲ್ಲಿ ಕಟ್ಟಿದವರು ಒಂದು ಪುಟ್ಟ ಬಾಗಿಲು ಇಟ್ಟಿದ್ದಾರೆ, ಅದಕ್ಕೊಂದು ಬೀಗ. ಕೀಲಿ ಅಡುಗೆಮನೆಯ ಡ್ರಾಯರಿನಲ್ಲಿ, ಹಳೆಯ ಕರೆಂಟ್ ಬಿಲ್ಲುಗಳ ಕೆಳಗೆ ಸಿಕ್ಕಿತು. ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಸರಿ ಮಾಡಿದೆ. ಕಿಟಕಿಯ ಪಕ್ಕದ ಗೋಡೆಗೆ, ನೆಲದಿಂದ ಎರಡೇ ಅಡಿ ಎತ್ತರದಲ್ಲಿ ಮೊಳೆ ಹೊಡೆದು ಕೀಲಿ ತೂಗುಹಾಕಿದೆ. ತೆವಳಿ ಬಂದ ಕೈಗೆ ಅದು ಸಿಗುತ್ತದೆ.

ಮಗಳು ಕಣ್ಣಿಗೆ ಟವೆಲು ಕಟ್ಟಿಕೊಂಡು ಬಾಗಿಲಿನಿಂದ ತೆವಳಿ ಬಂದಳು. ಮೊದಲ ಸಲ ಬೀಗ ತೆಗೆಯಲು ಒಂದು ನಿಮಿಷ ಹತ್ತು ಸೆಕೆಂಡು. ಐದನೇ ಸಲ ಹದಿನಾಲ್ಕು ಸೆಕೆಂಡು.